ಮುಸುಕು ತೆಗೆಯದ ಮದುಮಗಳು

ಡಾಂಗ್ ಮಾಡಿದ ತಪ್ಪು ಇಷ್ಟೇ. ಮದುಮಗಳ ತಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಇಟ್ಟು, ನವಣೆ ಗಂಜಿ ಕುಡಿಯಲು ಒಳಗೆ ಹೋದ. ಗಂಜಿ ಬಿಸಿಯಾಗಿತ್ತು, ಊದಿ ಊದಿ ಕುಡಿದ. ಹೆಂಡತಿ ಚಾವ್ನಿ ನೆಂಚಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮೂಲಂಗಿ ಕೊಟ್ಟಳು, ಅದನ್ನೂ ಕರುಂ ಕುರುಂ ಕಡಿದ. ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಕಟ್ಟೆಯ ಮೇಲೆ ಎಣ್ಣೆಯ ಕಲೆ ಇತ್ತು, ತಲೆ ಇರಲಿಲ್ಲ.

ತಲೆ ಅಂದಕೂಡಲೇ ಗಾಬರಿಯಾಗಬೇಡಿ. ತೊಗಲುಗೊಂಬೆಯ ತಲೆ, ಹೆಬ್ಬೆರಳಿಗಿಂತ ತುಸು ದೊಡ್ಡದು. ನಮ್ಮ ಕಡೆ ಗೊಂಬೆಗಳಿಗೆ ತಲೆ ಬೇರೆ, ಮೈ ಬೇರೆ. ಆಟ ಮುಗಿದ ಮೇಲೆ ತಲೆಗಳನ್ನು ಕಿತ್ತು ಬಟ್ಟೆಯ ಪದರಗಳ ನಡುವೆ ಮಲಗಿಸಬೇಕು, ಮೈಗಳನ್ನು ಪೆಟ್ಟಿಗೆಯ ಇನ್ನೊಂದು ಮೂಲೆಗೆ ಇಡಬೇಕು. ಜೋಡಿಸಿಯೇ ಇಟ್ಟರೆ ರಾತ್ರಿ ಎದ್ದು ಓಡಾಡುತ್ತವೆ ಅಂತ ಹಿರಿಯರ ಮಾತು. ಓಡಾಡಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ, ಯಾಕೆಂದರೆ ಯಾರೂ ಜೋಡಿಸಿ ಇಟ್ಟಿಲ್ಲ.

ಇದಲ್ಲದೆ, ಡಾಂಗ್‌ಗೆ ಗೊಂಬೆ ಆಡಿಸುವುದನ್ನು ಕಲಿಸಿದ, ಮೇಳದ ಹಳೆಯ ಹಾಡುಗಾರ ಮೆಂಗ್ ಗುರುಗಳು ಮಾಡಿದ ಇನ್ನೊಂದು ಕಟ್ಟಳೆಯಿತ್ತು. ಪೆಟ್ಟಿಗೆಯಿಂದ ಒಂದು ಬಾಲವೂ ಯಾರ ಮನೆಗೂ ಹೋಗಕೂಡದು. ಹೋದರೆ, ಒಯ್ದವನು ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಗೊಂಬೆಗಳಲ್ಲೆಲ್ಲ ಹಿರಿಯನಾದ ಕೋಡಂಗಿಯ ತಲೆಗೆ ತಪ್ಪೊಪ್ಪಿಕೊಂಡು, ಡೋಲಿನ ಕೋಲಿನಿಂದ ಅಂಗೈಗೆ ಏಟು ತಿನ್ನಬೇಕು. ಹಿಂದೊಮ್ಮೆ ಡಾಂಗ್ ತನ್ನ ಮಗಳು ಜ್ವರ ಬಂದು ಮಲಗಿದ್ದಾಳೆಂದು ಕತ್ತೆಯ ಗೊಂಬೆಯನ್ನು ಮನೆಗೆ ಒಯ್ದಿದ್ದ. ಗುರುಗಳು ಅವನನ್ನು ಊರಬಾವಿಯ ಸುತ್ತ ಅಟ್ಟಿಸಿಕೊಂಡು ಹೋಗಿ ಹೊಡೆದರು. ಕತ್ತೆ ಯಾರು ಎಂಬುದರ ಬಗ್ಗೆ ಊರಿನವರಿಗೆ ಆ ದಿನ ಯಾವ ಅನುಮಾನವೂ ಉಳಿಯಲಿಲ್ಲ.

ಅಂಥ ಡಾಂಗ್ ಮತ್ತೆ ಅದೇ ತಪ್ಪು ಮಾಡಿದ್ದಕ್ಕೆ ಕಾರಣವಿತ್ತು. ಗುರುಗಳ ಹುಟ್ಟುಹಬ್ಬಕ್ಕೆಂದು ಅವರನ್ನು ಶಿಆನ್ ಪಟ್ಟಣದ ಮಗಳ ಮನೆಯಿಂದ ಊರಿಗೆ ಕರೆಸಲಾಗಿತ್ತು. ಸಂಜೆಗೆ ಅವರ ಮೆಚ್ಚಿನ ಆಟ ‘ಆಚೆ ದಡದ ಮದುಮಗಳು’. ಹಿಂದಿನ ಸಂಜೆ ಪೆಟ್ಟಿಗೆ ತೆರೆದರೆ, ಈ ಸಲದ ಮಳೆಯ ತೇವಕ್ಕೆ ಮದುಮಗಳ ತಲೆ ಒಣಗಿದ ಎಲೆಯಂತೆ ಸುರುಟಿಕೊಂಡಿತ್ತು. ಎಣ್ಣೆ ಸವರಿ, ಒತ್ತಿ, ಒಂದಿಷ್ಟು ಬಿಸಿಲು ಕಾಣಿಸಿದರೆ ಸರಿಹೋಗುತ್ತದೆ ಅಂತ ಡಾಂಗ್ ಅದನ್ನು ಟೋಪಿಯೊಳಗೆ ಅಡಗಿಸಿಕೊಂಡು ಮನೆಗೆ ತಂದ.

ಬೇರೆ ಯಾವ ತಲೆ ಹೋಗಿದ್ದರೂ ಅವನು ಇಷ್ಟು ಬೆವರುತ್ತಿರಲಿಲ್ಲ. ಇದು ಗುರುಗಳ ಹೆಂಡತಿ ಸೂಚಿನಮ್ಮನ ತಲೆ. ಗುರುಗಳು ಹರೆಯದಲ್ಲಿ ಈ ಊರಿಗೆ ಆಟಕ್ಕೆ ಬಂದಾಗ, ಎದುರುಮನೆಯ ಕಿಟಕಿಗೆ ಗಾಜಿನ ಬದಲು ಅಂಟಿಸಿದ್ದ ಕಾಗದದ ಮೇಲೆ ಒಬ್ಬ ಹುಡುಗಿಯ ನೆರಳು ಬಿದ್ದಿತ್ತು. ದೀಪದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಣೆ, ಮೂಗು, ಗಲ್ಲ, ಎಲ್ಲ ಪಕ್ಕದಿಂದ ಕಂಡಿತು. ಗುರುಗಳು ಅದನ್ನೇ ಎತ್ತಿನ ತೊಗಲಿನಲ್ಲಿ ಕೆತ್ತಿದರು. ಮದುವೆಯ ದಿನ ಮೊದಲ ಸಲ ಪೂರ್ತಿ ಮುಖ ನೋಡಿ, “ಪರವಾಗಿಲ್ಲ, ಅರ್ಧ ಸರಿಯಾಗೇ ಕೆತ್ತಿದ್ದೆ” ಅಂದರಂತೆ. ಆಮೇಲೆ ಸೂಚಿನಮ್ಮ ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿ ಕೂತು, ಸೂರ್ಯಕಾಂತಿ ಬೀಜ ಸುಲಿಯುತ್ತಾ, “ನನ್ನ ಮೂಗು ಅಷ್ಟುದ್ದ ಇದೆಯೇನ್ರಿ?” ಅಂತ ಎಲ್ಲರನ್ನೂ ಕೇಳುತ್ತಿದ್ದರು. ಮದುಮಗಳು ಪರದೆಯ ಮೇಲೆ ಅತ್ತರೆ, “ಅಳ್ಬೇಡ್ವೇ, ಗಂಡಸರಿಗೆ ಸದರ ಆಗುತ್ತೆ” ಅಂತ ತಾವೇ ಬೈಯುತ್ತಿದ್ದರು. ಆ ಕಾಲದ ಆಟಗಳ ಸೊಗಸೇ ಬೇರೆ. ಜನ ಅರ್ಧ ಪರದೆ ನೋಡಿದರೆ, ಅರ್ಧ ಸೂಚಿನಮ್ಮನನ್ನು ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗುರುಗಳು ಹಾಡುವುದನ್ನು ಬಿಟ್ಟರು, ಮಗಳು ಬಂದು ಕರೆದುಕೊಂಡು ಹೋದಳು.

ಈಗ ಆ ತಲೆ ಇಲ್ಲ.

ಡಾಂಗ್ ಕೋಳಿಗೂಡಿನೊಳಗೆ ಅರ್ಧ ಮೈ ತೂರಿಸಿ ಹುಡುಕುತ್ತಿದ್ದಾಗ ಗೋಡೆಯ ಆಚೆಯಿಂದ ಪಕ್ಕದ ಮನೆಯ ಜಿಂಗಕ್ಕನ ಮುಖ ಮೇಲೆದ್ದಿತು. ಊರಿನ ಸುದ್ದಿಯೆಲ್ಲ ಮೊದಲು ಈ ಗೋಡೆಯ ಮೇಲೆ ಮೂಡಿ, ಆಮೇಲೆ ಪ್ರಪಂಚಕ್ಕೆ ಹಬ್ಬುತ್ತಿತ್ತು.

“ಏನೋ ಹುಡುಕ್ತಿದೀಯಾ?”

“ಏನಿಲ್ಲಕ್ಕ.”

“ಏನಿಲ್ಲದ್ದನ್ನ ಯಾರಾದ್ರೂ ಕೋಳಿಗೂಡಲ್ಲಿ ಹುಡುಕ್ತಾರಾ?”

ಚಾವ್ನಿ ಅಲ್ಲೇ ಬಟ್ಟೆ ಹಿಂಡುತ್ತಿದ್ದಳು. “ಸೂಚಿನಮ್ಮನ ತಲೆ ಕಳೆದಿದಾರೆ ಅಕ್ಕ. ನಾನು ಬೇಡ ಅಂದೆ. ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?”

“ಅಯ್ಯಯ್ಯೋ!” ಅಂದಳು ಜಿಂಗಕ್ಕ. ಅವಳ ಕಣ್ಣುಗಳಲ್ಲಿ ದೀಪ ಹಚ್ಚಿದಂತಾಯಿತು. “ನಾನು ಯಾರಿಗೂ ಹೇಳಲ್ಲ. ನನ್ನ ಹೊಟ್ಟೇಲೇ ಇರುತ್ತೆ. ತೊಗಲು ಅಂದ್ಯಾ? ಮೇಲೆ ಎಣ್ಣೆ ಸವರಿದ್ಯಾ? ಹಾಗಾದ್ರೆ ಇನ್ನೇನು, ಲೇಯ್ ಮನೆ ನಾಯಿ ತಿಂದಿರುತ್ತೆ. ಬೆಳಿಗ್ಗೆ ಬಾಯಿ ನೆಕ್ಕೊಂಡು ಈ ಕಡೆಯಿಂದ್ಲೇ ಹೋಯ್ತು.”

ಲೇಯ್ ಎದುರುಮನೆಯವನು. ಊರಿಗೆ ಮೊದಲ ಟಿವಿ ತಂದವನು ಅವನೇ. ಸಂಜೆಯಾದರೆ ಅದರ ಸದ್ದು ಜೋರು ಮಾಡಿ, ಗೊಂಬೆಯಾಟದ ಅರ್ಧ ಜನರನ್ನು ತನ್ನ ಅಂಗಳಕ್ಕೆ ಎಳೆದುಕೊಳ್ಳುತ್ತಿದ್ದ. ಅವನ ನಾಯಿ ಕರಿಯ, ಯಾರು ಏನು ಕೊಟ್ಟರೂ ಬೇಡ ಅನ್ನದ ಸಾಧುಪ್ರಾಣಿ.

ತಿಂದದ್ದು ಹೊರಗೆ ಬರಬೇಕಾದರೆ ಎಣ್ಣೆ ಕುಡಿಸಬೇಕು ಅಂತ ಜಿಂಗಕ್ಕನೇ ತೀರ್ಮಾನ ಕೊಟ್ಟಳು. ಡಾಂಗ್ ಒಂದು ದೊಡ್ಡ ಹಬೆರೊಟ್ಟಿಯನ್ನು ಸಾಸಿವೆ ಎಣ್ಣೆಯಲ್ಲಿ ಅದ್ದಿ ಕರಿಯನಿಗೆ ಹಾಕಿದ. ಕರಿಯ ಬಾಲವಾಡಿಸುತ್ತಾ ತಿಂದಿತು, ಇನ್ನೊಂದು ಸಿಗುತ್ತದೇನೋ ಅಂತ ನೋಡಿತು, ಇನ್ನೊಂದನ್ನೂ ತಿಂದಿತು. ಆಮೇಲೆ ಅದರ ಮುಖ ಗಂಭೀರವಾಯಿತು. ಅದು ಓಡಿದಲ್ಲೆಲ್ಲ ಡಾಂಗ್ ಕೋಲು ಹಿಡಿದು ಹಿಂದೆ ಓಡಿದ. ಜೋಳದ ತೆನೆ ಒಣಹಾಕಿದ್ದ ಕಣ, ಬಾವಿಕಟ್ಟೆ, ಕೊನೆಗೆ ಲೇಯ್ ಈಚೆಗಷ್ಟೇ ಸುಣ್ಣ ಬಳಿದ ಗೋಡೆ. ಎಲ್ಲ ಕಡೆಯೂ ಕೋಲಿನಿಂದ ಕೆದಕಿ ನೋಡಿದ. ಎಣ್ಣೆ ಬಂತು, ರೊಟ್ಟಿ ಬಂತು, ಸೂಚಿನಮ್ಮ ಬರಲಿಲ್ಲ.

ಲೇಯ್ ಬಂದ.

“ಏನೋ ಮಾಡ್ತಿದೀಯಾ ನನ್ನ ನಾಯಿಗೆ?”

“ಅದು ಒಂದು ಸಾಮಾನು ತಿಂದಿದೆ ಕಣೋ.”

“ನನ್ನ ಕರಿಯ ಕಳ್ಳನಾ? ಊರಲ್ಲಿ ಯಾರನ್ನಾದ್ರೂ ಕೇಳು! ತಿಂದಿಲ್ಲ ಅಂತ ಗೊತ್ತಾದ ದಿನ ಎಲ್ಲರೆದುರು ಇದರ ಹತ್ರ ತಪ್ಪಾಯ್ತು ಅನ್ನಬೇಕು ನೀನು. ಅಷ್ಟೇ ಅಲ್ಲ, ನನ್ನ ಗೋಡೆ ತೊಳೀಬೇಕು.”

“ತೊಳೀತೀನಿ, ಸದ್ಯ ಕೂಗಬೇಡ. ಗುರುಗಳು ಮಧ್ಯಾಹ್ನದ ಬಸ್ಸಿಗೆ ಬರ್ತಾರೆ.”

“ಮಧ್ಯಾಹ್ನ ಏನು ಬಂತು? ಬೆಳಿಗ್ಗೇನೇ ಇಟ್ಟಿಗೆ ಟ್ರ್ಯಾಕ್ಟರ್ ಹತ್ತಿ ಬಂದಾಯ್ತು. ಫೆಂಗ್ ಮನೇಲಿ ಕೂತಿದಾರೆ.”

ಡಾಂಗ್ ಕೋಲನ್ನು ಅಲ್ಲೇ ಎಸೆದು ಫೆಂಗ್ ಮನೆಗೆ ಓಡಿದ.

ಫೆಂಗ್ ಈಗ ಮೇಳದ ಹಾಡುಗಾರ. ರಾಜನಿಂದ ಹಿಡಿದು ರಾಜನ ಕುದುರೆಯವರೆಗೆ ಎಲ್ಲರ ದನಿಯೂ ಅವನ ಗಂಟಲಿನಿಂದಲೇ ಬರಬೇಕು. ಗೊಂಬೆಯ ಪೆಟ್ಟಿಗೆ ಇರುವುದೂ ಅವನ ಮನೆಯಲ್ಲೇ. ಅಲ್ಲಿ ಗುರುಗಳು ಅಡಿಯಲ್ಲಿ ಬೆಂಕಿ ಹಾಕಿದ ಮಣ್ಣಿನ ಮಂಚದ ಮೇಲೆ, ಹತ್ತಿ ತುಂಬಿದ ದಪ್ಪ ಕೋಟನ್ನು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಬಲಗೈ ಎದೆಯ ಮೇಲಿತ್ತು. ಎದುರಿಗಿದ್ದ ಹುಟ್ಟುಹಬ್ಬದ ಉದ್ದ ಶಾವಿಗೆ ಹಾಗೇ ಆರುತ್ತಿತ್ತು. ಅಡ್ಡದಾರಿಯಲ್ಲಿ ಅವನಿಗಿಂತ ಮೊದಲೇ ಬಂದು ಮುಟ್ಟಿದ್ದ ಜಿಂಗಕ್ಕ ಅವರ ಕೋಟಿನ ಗುಂಡಿಗೆ ಕೈಹಾಕಿದ್ದಳು.

“ಬಿಚ್ಚಿ ಗುರುಗಳೇ, ಬೆಂದುಹೋಗ್ತೀರಿ!”

“ಬೇಡಮ್ಮಾ! ಚಳಿ!”

“ಬೆವರ್ತಿದೀರಿ!”

“ಅದು ಚಳಿಬೆವರು!”

ಡಾಂಗ್ ಬಗ್ಗಿ ನಮಸ್ಕರಿಸಿದ. ಗುರುಗಳು ಅವನ ಮುಖವನ್ನು ನೋಡಲೇ ಇಲ್ಲ. ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ, “ಚೆನ್ನಾಗಿದೀಯೇನೋ?” ಅಂದರು. ವಿಷಯ ಗೊತ್ತಾಗಿಬಿಟ್ಟಿದೆ, ಅದಕ್ಕೇ ಮುಖ ನೋಡುತ್ತಿಲ್ಲ ಅಂತ ಡಾಂಗ್‌ಗೆ ಖಾತ್ರಿಯಾಯಿತು.

ಆಗ ಗುರುಗಳೇ ಮೆಲ್ಲಗೆ ಅಂದರು: “ಇವತ್ತು... ಬೇರೆ ಯಾವುದಾದ್ರೂ ಆಟ ಆಡ್ರಪ್ಪಾ. ಯುದ್ಧದ್ದು. ಮದುವೆ ಗಿದುವೆ ಬೇಡ.”

ಡಾಂಗ್‌ಗೆ ಸ್ವರ್ಗಕ್ಕೆ ಮೂರೇ ಗೇಣು. “ಆಗಲಿ ಗುರುಗಳೇ! ಯುದ್ಧಾನೇ ಆಡೋಣ! ಎರಡು ಯುದ್ಧ ಬೇಕಾದ್ರೂ ಆಡೋಣ!”

“ಅದು ಹೇಗಾಗುತ್ತೆ?” ಜಿಂಗಕ್ಕ ಮಧ್ಯೆ ಬಾಯಿ ಹಾಕಿದಳು. “ಸಂಕೋಚ ಮಾಡ್ಕೋತಿದಾರೆ ಅಷ್ಟೇ. ಸೂಚಿನಮ್ಮನ್ನ ನೋಡೋ ಆಸೆ ಇಲ್ವಾ ಅವರಿಗೆ? ಮೂರೂರಿನ ಜನಕ್ಕೆ ಹೇಳಿ ಕಳಿಸಿದೀನಿ. ಅದೇ ಆಟ ಆಗಬೇಕು!” ತಲೆ ಹೋಗಿದೆ ಅಂತ ಚೆನ್ನಾಗಿ ಗೊತ್ತಿದ್ದವಳು ಹೀಗೆ ಹೇಳಿದಳಲ್ಲ ಅಂತ ಡಾಂಗ್ ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ಜಿಂಗಕ್ಕನಿಗೆ ಮಜಾ ಬೇಕಾಗಿತ್ತು, ಬೇರೇನಿಲ್ಲ. ಸುತ್ತ ಕೂತಿದ್ದ ಮುದುಕರೆಲ್ಲ ಹೌದು ಹೌದು ಅಂದರು. ಗುರುಗಳು ಎದೆಯನ್ನು ಇನ್ನಷ್ಟು ಒತ್ತಿಕೊಂಡರು.

ಹಿತ್ತಲಿನಲ್ಲಿ ಡಾಂಗ್ ಎಲ್ಲ ಹೇಳಿಕೊಂಡಾಗ ಫೆಂಗ್ ನೆಲದ ಮೇಲೇ ಕೂತುಬಿಟ್ಟ.

“ಇನ್ನೊಂದು ಹುಡುಗಿ ತಲೆ ಇದೆಯಲ್ಲೋ?”

“ಅದು ದಾಸೀದು. ಮದುಮಗಳ ಪಕ್ಕದಲ್ಲೇ ನಿಂತಿರಬೇಕು. ಮೇಲಾಗಿ ಗುರುಗಳಿಗೆ ಹೆಂಡ್ತಿ ಮೂಗು ಗೊತ್ತಾಗಲ್ವಾ?”

ದಾರಿ ತೋರಿಸಿದ್ದು ಚಾವ್ನಿ. ಮನೆಗೆ ಹೋಗಿ ತನ್ನ ಮದುವೆಯ ಕೆಂಪು ಮುಸುಕನ್ನೇ ತಂದಳು. ಇಷ್ಟು ವರ್ಷ ಕರ್ಪೂರದ ಜೊತೆ ಮಡಿಚಿಟ್ಟಿದ್ದ ಬಟ್ಟೆ. ಅದರ ಮೂಲೆಯನ್ನು ಕತ್ತರಿಸುವಾಗ ಅವಳ ಮುಖ ಸಣ್ಣದಾಯಿತು. “ಮದುಮಗಳು ಅಂದ್ಮೇಲೆ ಮುಸುಕು ಹಾಕ್ಕೊಂಡಿರ್ಲಿ. ಒಳಗೆ ಯಾರಿದ್ರೆ ಯಾರಿಗೇನು?” ಅಂದಳು. ಡಾಂಗ್‌ಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಆದರೆ ಅದನ್ನು ಹೇಳಲು ಪುರುಸೊತ್ತಿರಲಿಲ್ಲ.

ಆ ಕುತ್ತಿಗೆಗೆ ಕೂರುವ ತಲೆಗಳಲ್ಲಿ ಬಿಡುವಾಗಿದ್ದದ್ದು ಒಂದೇ: ಗಡ್ಡದ ಸೇನಾಪತಿ. ಅವನು ಯುದ್ಧ ಗೆದ್ದು ಬರುವ ಒಂದು ದೃಶ್ಯವನ್ನು ಹಾರಿಸಿಬಿಟ್ಟರಾಯಿತು ಅಂದುಕೊಂಡರು. ಅವನನ್ನು ಸಿಕ್ಕಿಸಿ ಮುಸುಕು ಹಾಕಿದರು. ಗಡ್ಡವನ್ನು ಕಾಲರಿನೊಳಗೆ ಮಡಿಚಿದರು.

ಕತ್ತಲಾಗುತ್ತಿದ್ದಂತೆ ಕಣದಲ್ಲಿ ಜನ ಸೇರಿದರು. ಗುರುಗಳಿಗೆಂದು ಡಾಂಗ್ ಬಲ್ಬನ್ನು ಬಿಟ್ಟು ಹಳೆಯ ಎಣ್ಣೆದೀಪವನ್ನೇ ಹಚ್ಚಿದ್ದ. ಪರದೆ ಮೊದಲಿನಂತೆ ಹಳದಿಯಾಗಿ ಉಸಿರಾಡಿತು. ಗುರುಗಳು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದ ಸ್ಟೂಲಿನ ಮೇಲೆ ಯಾರೋ ಒಂದು ಹಿಡಿ ಸೂರ್ಯಕಾಂತಿ ಬೀಜ ಇಟ್ಟಿದ್ದರು. ಅಲ್ಲಿ ಕೂರಬೇಡಿ ಅಂತ ಯಾರೂ ಹೇಳಲಿಲ್ಲ, ಯಾರೂ ಕೂರಲಿಲ್ಲ.

ಮೊದಲ ದೃಶ್ಯದಲ್ಲೇ ಮದುಮಗಳು ಕಿಟಕಿಯ ಬಳಿ ತಲೆ ಬಾಚಿಕೊಳ್ಳಬೇಕು. ಪರದೆಯ ಮೇಲೆ ಮುಸುಕು ಬಂತು. ಬಾಚಣಿಗೆ ಮುಸುಕಿನ ಮೇಲೆಯೇ ಓಡಾಡಿತು. ಜನ ಗುಸುಗುಸು ಅಂದರು. ಫೆಂಗ್ ಹೆಣ್ಣುದನಿಯಲ್ಲಿ, ತನಗೆ ನೆಗಡಿಯಾಗಿದೆಯೆಂದೂ ತಲೆಗೆ ಗಾಳಿ ಸೋಕಬಾರದೆಂದೂ ಹಾಡಿದ.

“ಬಿಸಿನೀರು ಕುಡೀ ಅನ್ರಿ ಅವಳಿಗೆ!” ಹಿಂದಿನಿಂದ ಯಾರೋ ಕೂಗಿದರು.

ಎರಡನೆಯ ದೃಶ್ಯಕ್ಕೂ ನೆಗಡಿ ಬಿಡಲಿಲ್ಲ. ಜನ ಸುಮ್ಮನಾಗಲೊಲ್ಲರು. ಫೆಂಗ್ ಬೇರೆ ದಾರಿ ಕಾಣದೆ, ಯುದ್ಧಕ್ಕೆ ಹೋದ ಅಣ್ಣ ತಿರುಗಿ ಬರುವವರೆಗೂ ಮುಖ ತೋರಿಸುವುದಿಲ್ಲವೆಂದು ಮದುಮಗಳು ಹರಕೆ ಹೊತ್ತಿದ್ದಾಳೆ ಅಂತ ಹಾಡಿದ. ಜನ ಆಹಾ ಅಂದರು. ಡಾಂಗ್ ಮಾತ್ರ ಮೊಣಕೈಯಿಂದ ಅವನ ಪಕ್ಕೆಗೆ ತಿವಿದ.

“ಅಣ್ಣ ಅಂದ್ರೆ ಸೇನಾಪತಿ ಅಲ್ವೇನೋ ಮಾರಾಯ! ಅಣ್ಣನ ತಲೆ ಅವಳ ಕುತ್ತಿಗೆ ಮೇಲೇ ಇದೆ!”

ಫೆಂಗ್‌ನ ಡೋಲು ಒಂದು ಪೆಟ್ಟು ತಪ್ಪಿತು. ಮರುಕ್ಷಣದಲ್ಲಿ ದೂತನೊಬ್ಬ ಕುದುರೆ ಏರಿ ಬಂದು, ಅಣ್ಣ ಯುದ್ಧದಲ್ಲಿ ಮಡಿದ ಸುದ್ದಿ ತಂದ. ಯಾವ ಕಾಲದಿಂದಲೂ ಆ ಆಟದಲ್ಲಿ ಗೆದ್ದು ಬರುತ್ತಿದ್ದ ಸೇನಾಪತಿ ಅವತ್ತು ಸತ್ತ. ಹೆಂಗಸರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಅವನ ಸಾವಿಗೆ ಅವನ ತಲೆಯೇ ಮುಸುಕಿನೊಳಗಿಂದ ಬಿಕ್ಕಿ ಬಿಕ್ಕಿ ಅತ್ತಿತು.

ಲೇಯ್ ಮನೆಯಲ್ಲಿ ಟಿವಿ ಅರಚುತ್ತಿತ್ತು, ಒಬ್ಬರೂ ಏಳಲಿಲ್ಲ. ಲೇಯ್ ಕೂಡ ಬಂದು ನಿಂತು ನೋಡುತ್ತಿದ್ದ. ಇಷ್ಟು ವರ್ಷ ನಿದ್ದೆ ಮಾಡುತ್ತಾ ನೋಡಿದ ಆಟವನ್ನು ಜನ ಕತ್ತು ನೀಳ ಮಾಡಿ ನೋಡಿದರು. ಎಲ್ಲರಿಗೂ ಒಂದೇ ಕಾತರ: ಮುಸುಕು ಯಾವಾಗ ತೆಗೆಯುತ್ತಾರೆ?

ಅದು ಕೊನೆಯ ದೃಶ್ಯದಲ್ಲಿ. ಮದುವೆಯ ಕೋಣೆ. ಮದುಮಗ ಕೋಲಿನ ತುದಿಯಿಂದ ಮುಸುಕು ಎತ್ತಬೇಕು. ಫೆಂಗ್ ಡೋಲು ಬಾರಿಸಿದ, ಇನ್ನಷ್ಟು ಬಾರಿಸಿದ, ಪಿಟೀಲಿನವನಿಗೂ ಕಣ್ಣುಸನ್ನೆ ಮಾಡಿದ. ಮದುಮಗ ಚಂದ್ರನನ್ನು ಹೊಗಳಿದ, ಹಾಸಿಗೆಯನ್ನು ಹೊಗಳಿದ, ಮಾವನ ಮನೆಯ ಬಾತುಕೋಳಿಯನ್ನೂ ಹೊಗಳಿದ. ಇನ್ನು ಹೊಗಳಲು ಏನೂ ಉಳಿಯಲಿಲ್ಲ.

“ತೆಗೀಯೋ!” ಲೇಯ್ ಕೂಗಿದ. “ತೆಗಿ, ತೆಗಿ!” ಅಂತ ಕಣವೆಲ್ಲ ಕೂಗಿತು.

ಡಾಂಗ್ ಮದುಮಗನ ಕೈಯನ್ನು ಮೆಲ್ಲಗೆ ಎತ್ತಿದ. ಕೋಲು ಮುಸುಕಿನ ಅಂಚಿಗೆ ತಾಗಿತು. ಗಡ್ಡದ ಎರಡು ಕೂದಲು ಆಗಲೇ ಹೊರಗೆ ಇಣುಕುತ್ತಿದ್ದವು.

“ಬೇಡ!”

ಗುರುಗಳು ಎದ್ದು ನಿಂತಿದ್ದರು. ಎದೆಯ ಮೇಲೆ ಕೈ. ಅಷ್ಟು ವರ್ಷ ಹಾಡದ ಗಂಟಲಿನಿಂದ ಹಳೆಯ ದನಿಯೇ ಬಂದಿತ್ತು. “ಬೇಡ ಕಣೋ, ತೆಗೀಬೇಡ! ಹಾಗೇ ಇರ್ಲಿ ಅವಳು!”

ಹೆಂಡತಿಯ ಮುಖ ಇನ್ನೊಮ್ಮೆ ನೋಡುವ ಶಕ್ತಿ ಇವರಿಗಿಲ್ಲ ಅಂತ ಎಲ್ಲರಿಗೂ ಅನ್ನಿಸಿತು. ಜಿಂಗಕ್ಕ ಗೋಳೋ ಅಂತ ಅತ್ತಳು. ಲೇಯ್ ಮೂಗು ಒರೆಸಿಕೊಂಡ. ಫೆಂಗ್ ಸಮಯ ನೋಡಿ ಮಂಗಳದ ಪೆಟ್ಟು ಬಾರಿಸಿದ. ಡಾಂಗ್ ದೀಪ ತಗ್ಗಿಸಿ, ಬದುಕಿದೆ ಅಂತ ಪೆಟ್ಟಿಗೆಗೆ ಒರಗಿದ.

ಪರದೆಯ ಹಿಂದೆ ಬಂದ ಗುರುಗಳು ಮಿಕ್ಕವರನ್ನೆಲ್ಲ ಹೊರಗೆ ಕಳಿಸಿದರು. ಡಾಂಗ್ ಅವರ ಕಾಲು ಹಿಡಿಯಲು ಬಗ್ಗಿದ.

“ಗುರುಗಳೇ, ತಪ್ಪಾಯ್ತು...”

“ಏಳೋ. ಬಾಯಿ ಮುಚ್ಚು ಮೊದ್ಲು.” ಗುರುಗಳು ಕೋಟಿನ ಗುಂಡಿ ಬಿಚ್ಚಿದರು. ಒಳಜೇಬಿಗೆ ಕೈಹಾಕಿ, ಕರವಸ್ತ್ರದ ಗಂಟು ತೆಗೆದು ಬಿಡಿಸಿದರು. ಸೂಚಿನಮ್ಮನ ತಲೆ. ಎಣ್ಣೆ ಹಿಡಿದು ಮಿಂಚುತ್ತಿತ್ತು, ಸುರುಟು ಎಲ್ಲ ಹೋಗಿ ನೆಟ್ಟಗಾಗಿತ್ತು. ಇಡೀ ದಿನ ಬೆವರಿದ ಎದೆಗೆ ಒತ್ತಿಟ್ಟುಕೊಂಡರೆ ಯಾವ ತೊಗಲಾದರೂ ನೆಟ್ಟಗಾಗುತ್ತದೆ.

ಡಾಂಗ್ ತಗ್ಗಿಸಿದ ದೀಪವನ್ನು ಮತ್ತೆ ಏರಿಸಿದ.

“ಟ್ರ್ಯಾಕ್ಟರ್ ಇಳಿದು ನಿನ್ನ ಮನೆ ಮುಂದೆ ಬರ್ತಿದ್ದೆ. ಕಿಟಕೀಲಿ ಕಂಡ್ಲು. ಅವತ್ತಿನ ಹಾಗೇನೇ, ಕಿಟಕೀಲಿ.” ಗುರುಗಳು ಕರವಸ್ತ್ರದ ತುದಿಯಿಂದ ಆ ಮೂಗನ್ನು ಒರೆಸಿದರು. “ಮನೇಲಿ ಅವಳ ಫೋಟೋ ಒಂದಿದೆ, ಗುರುತಿನ ಚೀಟಿಗೆ ತೆಗೆಸಿದ್ದು. ಅದ್ರಲ್ಲಿ ಎದುರಿಗೆ ನೋಡ್ತಾಳೆ, ಪೊಲೀಸರು ಹಿಡಿದವರ ಥರ. ಅವಳು ಯಾವತ್ತು ನನ್ನ ಎದುರಿಗೆ ನೋಡಿದ್ಲೋ? ಒಲೆ ಮುಂದೆ ಕೂತು, ಮುಖ ಪಕ್ಕಕ್ಕೆ ತಿರುಗಿಸ್ಕೊಂಡೇ ಬೈತಿದ್ಲು. ಕೇಳೋಣ ಅಂದ್ರೆ ಕಟ್ಟಳೆ ಮಾಡಿದವನು ನಾನೇ. ನಿನ್ನ ಬಾವಿ ಸುತ್ತ ಓಡಿಸಿದವನೂ ನಾನೇ. ಕೈ ತಾನಾಗೇ ಹೋಯ್ತು ಕಣೋ. ತಗೋ, ಪೆಟ್ಟಿಗೇಲಿ ಇಡು. ಕಳ್ಳತನ ಈ ವಯಸ್ಸಿಗೆ ಆಗಿಬರಲ್ಲ.”

ಡಾಂಗ್ ಆ ತಲೆಯನ್ನು ನೋಡಿದ. ಆಮೇಲೆ ಗುರುಗಳ ಬೆರಳುಗಳನ್ನು ನೋಡಿದ. ಕೊಡುತ್ತೇನೆ ಅನ್ನುತ್ತಿದ್ದರು, ಬೆರಳು ಬಿಡುತ್ತಿರಲಿಲ್ಲ.

“ಒಳಗಿಟ್ಕೊಳ್ಳಿ ಗುರುಗಳೇ,” ಅಂದ. “ಬೇಗ, ಯಾರೋ ಬರ್ತಿದಾರೆ.”

ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಪರದೆ ಸರಿಯಿತು. ಬೆಳಗಿನಿಂದ ಸಂಜೆಯವರೆಗೆ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಜಿಂಗಕ್ಕ ಹಣ್ಣಾಗಿದ್ದಳು. ಇನ್ನು ಅವಳಿಂದ ಆಗಲಿಲ್ಲ. ಹಿಂದೆ ಲೇಯ್, ಲೇಯ್‌ನ ಹಿಂದೆ ಅರ್ಧ ಊರು, ಎಲ್ಲರ ಕಾಲ ಸಂದಿಯಲ್ಲಿ ಇಳಿದುಹೋದ ಮುಖದ ಕರಿಯ.

“ಗುರುಗಳೇ, ನಿಮಗೆ ಮೋಸ ಆಗಿದೆ!” ಜಿಂಗಕ್ಕ ಅಂದಳು. “ಮುಸುಕಿನೊಳಗೆ ಸೂಚಿನಮ್ಮ ಇರ್ಲೇ ಇಲ್ಲ. ಇವನು ಕಟ್ಟಳೆ ಮುರಿದು ತಲೇನ ಮನೆಗೆ ಒಯ್ದು ಕಳೆದಿದಾನೆ!”

“ಅಷ್ಟು ಸಾಲದು ಅಂತ ನನ್ನ ನಾಯಿ ಮೇಲೆ ಹಾಕಿದಾನೆ!” ಅಂದ ಲೇಯ್. “ಹೇಳೋ, ಕರಿಯ ತಿಂದಿದ್ಯಾ?”

ಡಾಂಗ್ ಗುರುಗಳ ಕಡೆ ನೋಡಿದ. ಎಂಬತ್ತರ ಆ ಮುಖ ಮಗುವಿನ ಮುಖದಂತೆ ಬಿಳಿಚಿಕೊಂಡಿತ್ತು. ಬಾಯಿ ತೆರೆಯಲು ಹೊರಟವರನ್ನು ಡಾಂಗ್ ಕಣ್ಣಲ್ಲೇ ತಡೆದ.

“ಕರಿಯ ತಿಂದಿಲ್ಲ,” ಅಂದ. “ನಾನೇ ಒಯ್ದೆ, ನಾನೇ ಕಳೆದೆ. ಎಲ್ಲಿ ಅಂತ ಗೊತ್ತಿಲ್ಲ.”

ಚಾವ್ನಿ ಹಣೆ ಚಚ್ಚಿಕೊಂಡಳು. ಇದಕ್ಕಾ ನನ್ನ ಮದುವೆ ಮುಸುಕು ಹರಿದದ್ದು ಅಂತ ಕೇಳಿದಳು. ಊರು ತೀರ್ಪಿಗೆ ಕಾದು ನಿಂತಿತು. ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಯಾರೋ ಆಗಲೇ ಕೋಡಂಗಿಯ ತಲೆಯನ್ನು ತೆಗೆದು ಪೆಟ್ಟಿಗೆಯ ಮೇಲಿಟ್ಟರು, ಯಾರೋ ಡೋಲಿನ ಕೋಲನ್ನು ಗುರುಗಳ ಕೈಗೆ ಕೊಟ್ಟರು. ಡಾಂಗ್ ಮೊಣಕಾಲೂರಿ, ಮೊದಲು ಕೋಡಂಗಿಗೆ, ಆಮೇಲೆ ಲೇಯ್‌ನ ಒತ್ತಾಯಕ್ಕೆ ಕರಿಯನಿಗೆ ತಪ್ಪಾಯ್ತು ಅಂದ. ಕರಿಯ ಅವನ ಮೂಗನ್ನು ನೆಕ್ಕಿ, ಅವನ ಬಾಯಲ್ಲಿ ಎಣ್ಣೆಯ ವಾಸನೆ ಇದೆಯೇನೋ ಅಂತ ಹೆದರಿ ಹಿಂದೆ ಸರಿಯಿತು. ನಾಳೆ ಗೋಡೆ ತೊಳೆಯಲು ಬೆಳಿಗ್ಗೆಯೇ ಬಾ ಅಂತ ಲೇಯ್ ನೆನಪಿಸಿದ.

ಡಾಂಗ್ ಅಂಗೈ ಚಾಚಿದ.

ಗುರುಗಳು ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ಇನ್ನೊಂದರಲ್ಲಿ ಕೋಲೆತ್ತಿದರು. ಮೆಲ್ಲಗೆ ಹೊಡೆದರು. ಮೆಲ್ಲಗಾಯಿತು ಅಂತ ಜಿಂಗಕ್ಕ ಗೊಣಗಿದಳು. ಬಗ್ಗಿ ಹೊಡೆಯುವಾಗ ಗುರುಗಳು ಅವನ ಕಿವಿಯಲ್ಲಿ, “ಜೋರಾಗಿ ಕೂಗೋ,” ಅಂದರು. ಡಾಂಗ್ ಕೂಗಿದ. ಊರಿಗೆ ತೃಪ್ತಿಯಾಯಿತು.

ಆಮೇಲೆ ಅವರು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ, ಹಳೆಯ ಆಟಗಳಲ್ಲಿ ಚಕ್ರವರ್ತಿಗೆ ಕೊಡುತ್ತಿದ್ದ ದನಿಯಲ್ಲಿ ಗದರಿದರು. ಆ ದನಿ ಕೇಳಿ ಮುದುಕರಿಗೆ ಮೈ ಜುಂ ಅಂತು.

“ಈ ಪೆಟ್ಟಿಗೆಯಿಂದ ಒಂದು ಬಾಲವೂ ಯಾರ ಮನೆಗೂ ಹೋಗಕೂಡದು! ತಿಳೀತೇನೋ?”

ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೋಟಿನ ಗುಂಡಿ ಒಂದು ತಪ್ಪು ತೂತಿಗೆ ಸಿಕ್ಕಿ, ಎದೆಯ ಹತ್ತಿರ ಸ್ವಲ್ಪ ಉಬ್ಬಿಕೊಂಡಿತ್ತು.

ಉರಿಯುವ ಅಂಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ಡಾಂಗ್ ತಲೆ ಬಗ್ಗಿಸಿದ.

“ತಿಳೀತು ಗುರುಗಳೇ,” ಅಂದ. “ರಾತ್ರಿ ಪ್ರಯಾಣ ಬೇಡ. ಬೆಳಗಿನ ಬಸ್ಸಿಗೇ ಹೋಗಿ. ಎದೆ ಜೋಪಾನ.”